ಖಾಲಿಯಾದ ಚೀಲ ಎಲ್ಲಿಗೂ ಹೋಗುವುದಿಲ್ಲ

ಕನ್ನಡದಲ್ಲಿ ‘ಕೊಬ್ಬು’ ಎಂಬ ಪದಕ್ಕೆ ಎರಡು ಅರ್ಥ. ಒಂದು ಮೈಯಲ್ಲಿ ಇರುವುದು, ಇನ್ನೊಂದು ತಲೆಗೆ ಏರುವುದು. ‘ಅವನಿಗೆ ಕೊಬ್ಬು ಜಾಸ್ತಿ’ ಎಂದು ಯಾರಾದರೂ ಹೇಳಿದರೆ ಅವನ ರಕ್ತಪರೀಕ್ಷೆಯ ವರದಿ ನೋಡಿ ಹೇಳುತ್ತಿದ್ದಾರೆ ಅಂತ ನಾವು ಅಂದುಕೊಳ್ಳುವುದಿಲ್ಲ. ತಿಂದು ಕೊಬ್ಬಿದವನು ಅಂದರೆ ಸೊಕ್ಕಿನವನು. ಕೆಲಸಕ್ಕೆ ಬಾರದವನಿಗೆ ನಮ್ಮ ಹಿರಿಯರು ಇಟ್ಟ ಹೆಸರು ಉಂಡಾಡಿ ಗುಂಡ. ದಪ್ಪಗಿರುವುದು ಮೈಯ ಸಂಗತಿ. ಅದನ್ನು ನಮ್ಮ ಮಾತು ಯಾವತ್ತೋ ಗುಣದ ಸಂಗತಿ ಮಾಡಿಬಿಟ್ಟಿದೆ. ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬ ಮೆಚ್ಚುಗೆಯೂ ಇದೇ ಭಾಷೆಯಲ್ಲಿದೆ ನಿಜ, ಆದರೆ ಅದನ್ನು ಈಗ ಅಜ್ಜಿಯರು ಬಿಟ್ಟರೆ ಯಾರೂ ಹೇಳುವುದಿಲ್ಲ.

ಬೈಗುಳ ಇನ್ನೂ ಜೋರಾಗುವುದು ಇಳಿಸಿದ ತೂಕ ಮತ್ತೆ ಏರಿದಾಗ. ಮೊದಲಿಂದಲೂ ದಪ್ಪಗಿದ್ದವರನ್ನು ಜನ ಹೇಗೋ ಒಪ್ಪಿಕೊಳ್ಳುತ್ತಾರೆ. ಕಷ್ಟಪಟ್ಟು ಹತ್ತು ಹದಿನೈದು ಕೆ.ಜಿ. ಇಳಿಸಿ, ಎರಡು ವರ್ಷದಲ್ಲಿ ಮತ್ತೆ ಅಲ್ಲಿಗೇ ಬಂದವರನ್ನು ಮಾತ್ರ ಬಿಡುವುದಿಲ್ಲ. ‘ಬಾಯಿ ಕಟ್ಟೋಕೆ ಆಗಲಿಲ್ಲ ನೋಡು’ ಅನ್ನುತ್ತಾರೆ. ಈ ಮಾತು ಕ್ರೂರ ಅನ್ನುವುದಿರಲಿ, ತಪ್ಪು ಅನ್ನುವುದೇ ನನ್ನ ವಾದ. ತೂಕ ಏರಿದಾಗ, ಇಳಿದಾಗ ನಮ್ಮ ಕೊಬ್ಬಿನ ಕೋಶಗಳಿಗೆ ಏನಾಗುತ್ತದೆ ಎಂದು ಗೊತ್ತಿದ್ದರೆ ಯಾರೂ ಹಾಗೆ ಮಾತಾಡುವುದಿಲ್ಲ.

ನಾನು ಡಾಕ್ಟರ್ ಅಲ್ಲ, ಡಯಟೀಷಿಯನ್ನೂ ಅಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ. ಊರು ಜಾವಗಲ್. ಊರಿನ ಹೆಸರು ಹೇಳಿದ ಕೂಡಲೇ ಎಲ್ಲರೂ ‘ಓ, ಶ್ರೀನಾಥ್!’ ಅನ್ನುತ್ತಾರೆ. ಮೈಸೂರಿನ ಎಸ್‌ಜೆಸಿಇಯಲ್ಲಿ ಬಿಇ ಓದಿದ ಆ ನೀಳಕಾಯದ ಬೌಲರ್ ನಮ್ಮೂರನ್ನು ದೇಶಕ್ಕೆಲ್ಲ ಪರಿಚಯಿಸಿದರು. ಅದೇ ಊರಿನಿಂದ ಬಂದ ನಾನು ಹೈಸ್ಕೂಲಿನಿಂದಲೂ ದುಂಡಗಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ನನಗೆ ಬೇಡವೆಂದರೂ ಆಸಕ್ತಿ. ಆದರೆ ಇದನ್ನು ಬರೆಯಲು ಕಾರಣ ನಾನಲ್ಲ, ನಮ್ಮ ದೊಡ್ಡಪ್ಪನ ಮಗಳು.

ಅಕ್ಕ ಬಿ.ಇಡಿ. ಮುಗಿಸಿದ್ದಳು. ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು, ಕೇಸರಿಬಾತ್ ತಿಂದು, ಹೊರಡುವಾಗ ದೊಡ್ಡಮ್ಮನನ್ನು ಪಕ್ಕಕ್ಕೆ ಕರೆದು, ‘ಹುಡುಗಿ ಎಲ್ಲಾ ಲಕ್ಷಣವಾಗಿದ್ದಾಳೆ, ಮದುವೆ ಹೊತ್ತಿಗೆ ಒಂಚೂರು ಮೈ ಇಳಿಸಿದರೆ ಸಾಕು’ ಎಂದರು. ಆಗ ಅವಳ ತೂಕ 78. ಯಾರೋ 90 ದಿನದ ಪ್ಯಾಕೇಜ್ ಹೇಳಿದರು. ಬೆಳಿಗ್ಗೆ ಪುಡಿ ಕಲಸಿದ ನೀರು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಮತ್ತೆ ಪುಡಿ ಕಲಸಿದ ನೀರು. ಮುದ್ದೆ ಬಂದ್, ಅನ್ನ ಬಂದ್. ತೂಕ 64ಕ್ಕೆ ಇಳಿಯಿತು. ಮದುವೆಯಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಒಂದೂವರೆ ವರ್ಷ ಆಗುವಷ್ಟರಲ್ಲಿ 77. ಈಗ ಗಂಡನ ಮನೆಯಲ್ಲಿ ಯಾರಾದರೂ ನೆಂಟರು ಬಂದಾಗ ಮದುವೆ ಆಲ್ಬಮ್ ತೆಗೆದು ತೋರಿಸಿ, ‘ನಾವು ನೋಡಿದ ಹುಡುಗಿಯೇ ಬೇರೆ’ ಎಂದು ನಗುತ್ತಾರಂತೆ. ನಗುತ್ತಲೇ ‘ಮೋಸ’ ಎಂಬ ಪದವನ್ನೂ ಒಮ್ಮೆ ಬಳಸಿದ್ದಾರೆ. ಅವಳ ಮದುವೆಯ ಫೋಟೊಗಳೇ ಅವಳ ವಿರುದ್ಧ ಸಾಕ್ಷಿಯಾಗಿವೆ.

ಅಕ್ಕ ಆಸೆಬುರುಕಿಯಲ್ಲ. ಆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಉಣ್ಣುವವಳು ಅವಳೇ. ‘ಹಸಿವು ಹೊಟ್ಟೇಲಿ ಇರಲ್ಲ ಕಣೆ, ತಲೇಲಿ ಕೂತಿರುತ್ತೆ. ಉಂಡು ಎದ್ದ ಮೇಲೂ ಹೋಗಲ್ಲ’ ಎಂದು ಒಮ್ಮೆ ನನಗೆ ಹೇಳಿದಳು. ಅವಳು ಹೇಳಿದ್ದು ಅಕ್ಷರಶಃ ಸರಿ ಎಂದು ಓದುತ್ತಾ ಹೋದಂತೆ ತಿಳಿಯಿತು.

ಅರಸೀಕೆರೆ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ನಮ್ಮದು ತೆಂಗಿನ ನಾಡು. ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತೇವೆ. ಸುಲಿದ ಕೊಬ್ಬರಿ ಚೀಲ ತುಂಬಿ ಮಾರುಕಟ್ಟೆಗೆ ಹೋಗುತ್ತದೆ. ಮಾರಿ ಬಂದ ಮೇಲೆ ಖಾಲಿ ಗೋಣಿಚೀಲವನ್ನು ಯಾರಾದರೂ ಎಸೆಯುತ್ತಾರೆಯೇ? ಮಡಿಸಿ ಅಟ್ಟದ ಮೂಲೆಯಲ್ಲಿ ಇಡುತ್ತಾರೆ. ಮುಂದಿನ ಫಸಲಿಗೆ ಬೇಕಲ್ಲ. ನಮ್ಮ ಕೊಬ್ಬಿನ ಕೋಶ ಅಂಥ ಚೀಲ. ತಿಂದದ್ದರಲ್ಲಿ ಖರ್ಚಾಗದೆ ಉಳಿದ ಶಕ್ತಿಯನ್ನು ಎಣ್ಣೆಯ ಹನಿಯ ರೂಪದಲ್ಲಿ ತುಂಬಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ತೂಕ ಇಳಿದಾಗ ಚೀಲದೊಳಗಿನ ಮಾಲು ಖರ್ಚಾಗುತ್ತದೆ. ಚೀಲ ಮಾತ್ರ ಅಲ್ಲೇ ಇರುತ್ತದೆ, ಮಡಿಸಿಕೊಂಡು.

ಈ ಚೀಲಗಳ ಲೆಕ್ಕ ನೋಡಿದರೆ ಎಂಜಿನಿಯರಿಂಗ್ ಓದುವವರಿಗೆ ಖುಷಿಯಾಗುತ್ತದೆ. ದೊಡ್ಡವರೊಬ್ಬರ ಮೈಯಲ್ಲಿ ಹತ್ತಿರ ಹತ್ತಿರ ಮೂರು ಸಾವಿರ ಕೋಟಿ ಕೊಬ್ಬಿನ ಕೋಶ ಇವೆ ಎಂದುಕೊಳ್ಳಿ. ಒಂದೊಂದರ ವ್ಯಾಸ 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಗೋಳದ ಗಾತ್ರದ ಸೂತ್ರ ಹಾಕಿದರೆ ಒಂದು ಕೋಶದಲ್ಲಿ ಹಿಡಿಯುವುದು ಅರ್ಧ ಮೈಕ್ರೋಗ್ರಾಂ. ಮೂರು ಸಾವಿರ ಕೋಟಿಯಿಂದ ಗುಣಿಸಿ: 15 ಕೆ.ಜಿ. ಸಾಧಾರಣ ಮನುಷ್ಯನ ಮೈಯಲ್ಲಿರುವ ಕೊಬ್ಬು ಹೆಚ್ಚುಕಡಿಮೆ ಅಷ್ಟೇ. ವ್ಯಾಸ ಎರಡರಷ್ಟಾದರೆ ಗಾತ್ರ ಎಂಟರಷ್ಟಾಗುತ್ತದೆ ಎಂಬುದು ಹೈಸ್ಕೂಲ್ ಗಣಿತ. ಹಾಗಾಗಿ ತೂಕ ಏರುವಾಗ ಹೊಸ ಚೀಲ ಹೊಲಿಯುವ ಅಗತ್ಯ ಅಷ್ಟಾಗಿ ಬರುವುದಿಲ್ಲ, ಇರುವ ಚೀಲಗಳೇ ಉಬ್ಬುತ್ತವೆ. ಹೊಟ್ಟೆಯ ಭಾಗದಲ್ಲಿ ಇದು ಹೆಚ್ಚು. ತೀರಾ ಜಾಸ್ತಿಯಾದರೆ ಹೊಸ ಕೋಶಗಳೂ ಹುಟ್ಟುತ್ತವೆ. ತೊಡೆಯ ಭಾಗದಲ್ಲಿ ಹಾಗೆ ಹುಟ್ಟುವುದನ್ನು ಅಳೆದು ತೋರಿಸಿದ್ದಾರೆ. ಸೇರುವ ದಾರಿ ಇದೆ, ಕಳೆಯುವ ದಾರಿ ಇಲ್ಲ. ಒಂದು ಕಡೆಗೆ ಮಾತ್ರ ತೆರೆಯುವ ವಾಲ್ವ್ ಇದ್ದ ಹಾಗೆ.

ಹಾಗಾದರೆ ಇಳಿದ ಕೊಬ್ಬು ಹೋಗುವುದು ಎಲ್ಲಿಗೆ? ನಮ್ಮ ಕ್ಲಾಸಿನಲ್ಲಿ ಈ ಪ್ರಶ್ನೆ ಕೇಳಿದೆ. ‘ಶಾಖವಾಗಿ ಹೋಗುತ್ತೆ’, ‘ಬೆವರಾಗಿ ಹೋಗುತ್ತೆ’, ‘ಮಾಂಸಖಂಡ ಆಗುತ್ತೆ’ ಎಂದರು. ಥರ್ಮೋಡೈನಮಿಕ್ಸ್ ಪಾಸಾದವರೂ ಹಾಗೇ ಹೇಳಿದ್ದು ಬೇಸರ. ದ್ರವ್ಯರಾಶಿ ಶಾಖವಾಗಿ ಮಾಯವಾಗುವುದಿಲ್ಲ, ಎಲ್ಲಿಗಾದರೂ ಹೋಗಲೇಬೇಕು. ಆಸ್ಟ್ರೇಲಿಯಾದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಇದರ ಲೆಕ್ಕ ಮಾಡಿ ಪ್ರಕಟಿಸಿದರು. 10 ಕೆ.ಜಿ. ಕೊಬ್ಬು ಪೂರ್ತಿ ಉರಿಯಲು ನಾವು ಉಸಿರಾಡಿದ ಗಾಳಿಯಿಂದ 29 ಕೆ.ಜಿ. ಆಮ್ಲಜನಕ ಬೇಕು. ಕೊನೆಗೆ ಸಿಗುವುದು 28 ಕೆ.ಜಿ. ಇಂಗಾಲದ ಡೈಆಕ್ಸೈಡ್ ಮತ್ತು 11 ಕೆ.ಜಿ. ನೀರು. ಎರಡೂ ಕಡೆ ಕೂಡಿಸಿ ನೋಡಿ, 39ಕ್ಕೆ 39 ಸರಿಹೋಗುತ್ತದೆ. ಆ 10 ಕೆ.ಜಿ. ಕೊಬ್ಬಿನಲ್ಲಿ 8.4 ಕೆ.ಜಿ. ಮೂಗಿನಿಂದ ಉಸಿರಾಗಿ ಹೊರಗೆ ಹೋಗುತ್ತದೆ, ಉಳಿದ 1.6 ಕೆ.ಜಿ. ನೀರಾಗಿ. ಹಾಗಂತ ಸುಮ್ಮನೆ ಕೂತು ಜೋರಾಗಿ ಉಸಿರಾಡಿದರೆ ತಲೆ ಸುತ್ತುತ್ತದೆಯೇ ಹೊರತು ತೂಕ ಇಳಿಯುವುದಿಲ್ಲ. ಕೊಬ್ಬು ಮೊದಲು ಒಳಗೆ ಉರಿಯಬೇಕು. ಸೊಂಟಕ್ಕೆ ಕಟ್ಟಿಕೊಂಡು ಬೆವರಿಳಿಸುವ ಬೆಲ್ಟನ್ನು ಕಂತಿನಲ್ಲಿ ಕೊಂಡ ನಮ್ಮ ಪಿಜಿಯ ಗೆಳತಿಗೆ ಈ ಲೆಕ್ಕ ತೋರಿಸಿದೆ. ಬೆಲ್ಟ್ ಈಗ ಮಂಚದ ಕೆಳಗಿದೆ, ಕಂತು ಇನ್ನೂ ಬಾಕಿ ಇದೆ.

ಮಾಲು ಹೊರಗೆ ಹೋದದ್ದು ಸರಿ, ಚೀಲ ಉಳಿಯುತ್ತದೆ ಎಂದು ಗೊತ್ತಾದದ್ದು ಹೇಗೆ? ಈ ಕತೆಯಲ್ಲಿ ಅಣುಬಾಂಬ್ ಬರುತ್ತದೆ. 1955ರಿಂದ 1963ರವರೆಗೆ ದೊಡ್ಡ ದೇಶಗಳು ಬಯಲಿನಲ್ಲೇ ಅಣುಬಾಂಬ್ ಪರೀಕ್ಷೆ ನಡೆಸಿದವು. ಆಗ ವಾತಾವರಣದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿತು. ಒಪ್ಪಂದವಾಗಿ ಬಯಲಿನ ಪರೀಕ್ಷೆ ನಿಂತ ಮೇಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. ಆ ಇಂಗಾಲ ಗಿಡಗಳಿಗೆ ಹೋಗಿ, ಅಲ್ಲಿಂದ ಊಟಕ್ಕೆ ಬಂದು, ಹೊಸದಾಗಿ ಹುಟ್ಟುವ ಪ್ರತಿ ಜೀವಕೋಶದ ಡಿಎನ್‌ಎಯಲ್ಲಿ ಸೇರಿಕೊಂಡಿತು. ಹಾಗಾಗಿ ಒಂದು ಕೋಶದ ಡಿಎನ್‌ಎಯಲ್ಲಿ ಎಷ್ಟು ಕಾರ್ಬನ್-14 ಇದೆ ಎಂದು ಅಳೆದರೆ ಅದು ಹುಟ್ಟಿದ ವರ್ಷ ಹೇಳಬಹುದು. ಜನನ ಪ್ರಮಾಣಪತ್ರ ಇದ್ದ ಹಾಗೆ. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು ಈ ಉಪಾಯದಿಂದ ಕೊಬ್ಬಿನ ಕೋಶಗಳ ವಯಸ್ಸು ಕಂಡುಹಿಡಿದು 2008ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಅವರಿಗೆ ತಿಳಿದದ್ದು ಇದು: ವರ್ಷಕ್ಕೆ ಸುಮಾರು ನೂರಕ್ಕೆ ಹತ್ತು ಕೋಶಗಳು ಸಾಯುತ್ತವೆ, ಅಷ್ಟೇ ಹೊಸದು ಹುಟ್ಟುತ್ತವೆ. ಹಳೆಯ ಗೋಣಿ ಹರಿದರೆ ಅದರ ಜಾಗಕ್ಕೆ ಹೊಸದೊಂದು ಬಂದು ಕೂರುತ್ತದೆ, ಎಣಿಕೆ ಬದಲಾಗುವುದಿಲ್ಲ. ಬೊಜ್ಜು ಕಡಿಮೆ ಮಾಡುವ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಹಳ ತೂಕ ಇಳಿಸಿದವರನ್ನು ಎರಡು ವರ್ಷದ ನಂತರ ಪರೀಕ್ಷಿಸಿದಾಗಲೂ ಕೋಶಗಳು ಚಿಕ್ಕದಾಗಿದ್ದವು, ಸಂಖ್ಯೆ ಇಳಿದಿರಲಿಲ್ಲ.

ಅದೇ ಅಧ್ಯಯನದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹದಿಹರೆಯದಲ್ಲಿ ಏರುತ್ತಾ ಹೋಗಿ ಇಪ್ಪತ್ತರ ಆಸುಪಾಸಿನಲ್ಲಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಅಂದರೆ ನನ್ನ ವಯಸ್ಸಿಗೆ ಎಣಿಕೆ ಬಹುಪಾಲು ಮುಗಿದಿರುತ್ತದೆ. ಈಗ ಯೋಚಿಸಿ. ಆ ಇಪ್ಪತ್ತು ವರ್ಷ ನಮ್ಮ ಊಟ ನಿರ್ಧರಿಸಿದ್ದು ಯಾರು? ಅಳುವ ಮಗುವಿನ ಕೈಗೆ ಐದು ರೂಪಾಯಿ ಚಿಪ್ಸ್ ಪ್ಯಾಕೆಟ್ ಕೊಟ್ಟವರು, ಎಸ್ಸೆಸ್ಸೆಲ್ಸಿ ಬಂತೆಂದು ಆಟದ ಪೀರಿಯಡ್ ಕಸಿದು ಗಣಿತಕ್ಕೆ ಕೊಟ್ಟವರು, ಟ್ಯೂಷನ್ನಿಂದ ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಕರೆದೊಯ್ದವರು. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು, ಇಲ್ಲ ಅನ್ನುವುದಿಲ್ಲ. ಆದರೆ ಚೀಲ ಹೊಲಿದದ್ದು ಊರೆಲ್ಲ ಸೇರಿ, ಇಪ್ಪತ್ತಕ್ಕೆ ಬೈಗುಳ ತಿನ್ನುವುದು ಚೀಲ ಹೊತ್ತವಳು ಒಬ್ಬಳೇ.

ಇನ್ನು ಅಕ್ಕ ಹೇಳಿದ ತಲೆಯೊಳಗಿನ ಹಸಿವಿಗೆ ಬರುತ್ತೇನೆ. ಕೊಬ್ಬಿನ ಕೋಶ ಸುಮ್ಮನೆ ಬಿದ್ದಿರುವ ಚೀಲವಾಗಿದ್ದರೆ ಇಷ್ಟು ತೊಂದರೆ ಇರಲಿಲ್ಲ. ಅದು ಮಾತಾಡುತ್ತದೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಗುರುತಿಸಿತು. ಕೊಬ್ಬಿನ ಕೋಶಗಳು ಇದನ್ನು ರಕ್ತಕ್ಕೆ ಬಿಡುತ್ತವೆ. ‘ಅಟ್ಟ ತುಂಬಿದೆ, ಗಾಬರಿ ಬೇಡ’ ಎಂದು ಮೆದುಳಿಗೆ ಕಳಿಸುವ ಸುದ್ದಿ ಅದು. ಕೋಶ ಕುಗ್ಗಿದರೆ ಲೆಪ್ಟಿನ್ ಇಳಿಯುತ್ತದೆ. ಆಗ ಮೆದುಳು ಮದುವೆ ನಿಶ್ಚಯವಾಗಿದೆ ಎಂದು ತಿಳಿದುಕೊಳ್ಳುವುದಿಲ್ಲ, ಬರಗಾಲ ಬಂದಿದೆ ಎಂದು ತಿಳಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಖರ್ಚು ಕಡಿಮೆ ಮಾಡುತ್ತದೆ. ಬರಗಾಲ ಕಂಡ ಮನುಷ್ಯಕುಲವನ್ನು ಉಳಿಸಿದ ಏರ್ಪಾಡೇ ಇದು. ಮೆಲ್ಬರ್ನಿನ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವಾರದ ಕಟ್ಟುನಿಟ್ಟಿನ ಪಥ್ಯದಿಂದ ತೂಕ ಇಳಿಸಿದವರನ್ನು ಒಂದು ವರ್ಷದ ನಂತರ ನೋಡಿದರು. ಹಸಿವಿಗೆ ಸಂಬಂಧಿಸಿದ ಹಾರ್ಮೋನುಗಳು ಆಗಲೂ ಮೊದಲಿನ ಸ್ಥಿತಿಗೆ ಮರಳಿರಲಿಲ್ಲ. ವರ್ಷ ಕಳೆದರೂ ಮೈ ‘ತಾ, ತುಂಬು’ ಎನ್ನುತ್ತಲೇ ಇತ್ತು. 2024ರಲ್ಲಿ ಜ್ಯೂರಿಕ್‌ನ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು: ಒಮ್ಮೆ ಬೊಜ್ಜಾಗಿದ್ದ ಕೋಶಗಳು ಕುಗ್ಗಿದ ಮೇಲೂ ಆ ದಿನಗಳ ಗುರುತನ್ನು ತಮ್ಮ ಡಿಎನ್‌ಎಯ ಸುತ್ತ ಉಳಿಸಿಕೊಳ್ಳುತ್ತವೆ. ಅಂಥ ಇಲಿಗಳಿಗೆ ಮತ್ತೆ ಕೊಬ್ಬಿನ ಆಹಾರ ಕೊಟ್ಟಾಗ ಅವು ಬೇರೆ ಇಲಿಗಳಿಗಿಂತ ಬೇಗ ದಪ್ಪಗಾದವು. ಗೋಣಿಗೂ ನೆನಪಿದೆ ಅಂತಾಯಿತು.

ಇಷ್ಟು ತಿಳಿದ ಮೇಲೆ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ‘30 ದಿನದಲ್ಲಿ 10 ಕೆ.ಜಿ.’ ಚೀಟಿಯನ್ನು ನೋಡಿ. ಅದು ಸುಳ್ಳು ಹೇಳುತ್ತಿಲ್ಲದಿರಬಹುದು. ಮೂವತ್ತನೇ ದಿನ ನಿಮ್ಮ ಫೋಟೊ ತೆಗೆದು ತನ್ನ ಕೆಲಸ ಮುಗಿಸುತ್ತದೆ, ಅಷ್ಟೇ. ಮೂವತ್ತೊಂದನೇ ದಿನದಿಂದ ಶುರುವಾಗುವುದು ನಿಮ್ಮ ಪಾಡು. ಇಳಿಸುವುದಕ್ಕೆ ಪ್ಯಾಕೇಜ್ ಉಂಟು, ಇಳಿದದ್ದನ್ನು ಉಳಿಸುವುದಕ್ಕೆ ಯಾರ ಬಳಿಯೂ ಪ್ಯಾಕೇಜ್ ಇಲ್ಲ. ರೀಲ್ಸ್‌ನಲ್ಲಿ ಬರುವ ‘ಮೊದಲು–ನಂತರ’ ಫೋಟೊಗಳ ಪಕ್ಕದಲ್ಲಿ ಎರಡು ವರ್ಷದ ಮೇಲೆ ತೆಗೆದ ಮೂರನೇ ಫೋಟೊ ಹಾಕಬೇಕೆಂದು ಕಾನೂನು ಮಾಡಿದರೆ ಅರ್ಧ ಅಂಗಡಿಗಳು ಮುಚ್ಚುತ್ತವೆ ಎಂದು ನನ್ನ ಅನಿಸಿಕೆ.

ಚೀಲವನ್ನೇ ಕಿತ್ತು ಹಾಕಿಸಿಬಿಟ್ಟರೆ? ಲೈಪೊಸಕ್ಷನ್ ಎನ್ನುವುದು ಅದೇ. ಚರ್ಮದ ಕೆಳಗಿನ ಕೊಬ್ಬನ್ನು ಕೋಶ ಸಮೇತ ಕೊಳವೆಯಿಂದ ಹೀರಿ ತೆಗೆಯುತ್ತಾರೆ. ಅಮೆರಿಕದ ಕೊಲರಾಡೊದಲ್ಲಿ ಹೀಗೆ ಮಾಡಿಸಿಕೊಂಡ ಮಹಿಳೆಯರನ್ನು ವರ್ಷದ ನಂತರ ಅಳೆದಾಗ ಹೋದ ಕೊಬ್ಬು ಮೈಗೆ ಮರಳಿತ್ತು. ತೆಗೆದ ತೊಡೆಗೆ ಬರಲಿಲ್ಲ, ಹೊಟ್ಟೆಯ ಕಡೆಗೆ ಬಂದು ಸೇರಿತ್ತು. ಇದು ಸಣ್ಣಪುಟ್ಟ ಸೌಂದರ್ಯ ಚಿಕಿತ್ಸೆ ಎಂದು ಜಾಹೀರಾತು ಹೇಳಿದರೂ ಶಸ್ತ್ರಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. 2022ರ ಮೇ 16ರಂದು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ದಾಖಲಾದ ಕಿರುತೆರೆ ನಟಿ ಚೇತನಾ ರಾಜ್ ಅದೇ ದಿನ ತೀರಿಕೊಂಡರು. ಅವರಿಗೆ ಆಗ 21 ವರ್ಷ. ನನಗಿಂತ ಒಂದೇ ವರ್ಷ ದೊಡ್ಡವರು. ಆ ಸುದ್ದಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ‘ಇದ್ದ ಹಾಗೆ ಚೆನ್ನಾಗೇ ಇದ್ಲಲ್ಲ ಹುಡುಗಿ’ ಎಂದು ಊರಿನ ಹೆಂಗಸರು ಮರುಗಿದ್ದು ನೆನಪಿದೆ. ಅದೇ ಹೆಂಗಸರು ನನ್ನನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ, ‘ಹಾಸ್ಟೆಲ್ ಊಟ ಚೆನ್ನಾಗಿ ಹಿಡಿಸಿದ ಹಾಗಿದೆ?’

ಈಗ ಇಂಜೆಕ್ಷನ್ ಕಾಲ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ನಮ್ಮ ದೇಶಕ್ಕೂ ಬಂದವು. ಹಸಿವಿನ ಕೂಗನ್ನೇ ತಗ್ಗಿಸುವ ಔಷಧಿಗಳು ಇವು. ನಿಜವಾಗಿ ಅಗತ್ಯವಿರುವ ರೋಗಿಗಳಿಗೆ ದೊಡ್ಡ ಉಪಕಾರ, ನಾನು ಅಲ್ಲಗಳೆಯುವುದಿಲ್ಲ. ಆದರೆ ವೆಗೋವಿಯಲ್ಲಿರುವ ಔಷಧಿಯನ್ನು ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತು ಎಂದು ಅದರ ಪರೀಕ್ಷೆಯೇ ತೋರಿಸಿದೆ. ಚೀಲಗಳು ಕಾಯುತ್ತಾ ಇದ್ದವು ತಾನೇ. ಮದುವೆಗೆ ಮುಂಚೆ ಮೂರು ತಿಂಗಳು ಹಾಕಿಸಿಕೊಂಡು ಬಿಡೋಣ ಎಂದು ಲೆಕ್ಕ ಹಾಕುವವರು ಈ ಅಂಕಿಯನ್ನು ಒಮ್ಮೆ ಓದಲಿ.

ಇಷ್ಟೆಲ್ಲ ಓದಿ ತೆಳ್ಳಗಿರುವ ಗೆಳೆಯರು ‘ನಮಗೇನು’ ಎಂದು ಪುಟ ತಿರುವಬೇಡಿ. ನಿಮಗೆ ಮೈಸೂರಿನಿಂದ ಒಂದು ಸುದ್ದಿ ಇದೆ. ಅಲ್ಲಿನ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳಬರು ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ಬರೆದಿಟ್ಟರು. ಅದು ಮುಂದೆ ಯಾವ ಕೆಲಸಕ್ಕೆ ಬರುತ್ತದೆ ಎಂದು ಅವರಿಗೆ ಹೇಗೆ ಗೊತ್ತು? ದಶಕಗಳ ನಂತರ ಸಂಶೋಧಕರು ಆ ಪುಸ್ತಕ ಹಿಡಿದು, ದೊಡ್ಡವರಾಗಿದ್ದ ಆ ಮಕ್ಕಳನ್ನು ಹುಡುಕಿದರು. 517 ಜನರ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕೆ.ಜಿ. ದಾಟಿ ಚೆನ್ನಾಗಿ ತೂಗಿದ್ದವರಲ್ಲಿ ನೂರಕ್ಕೆ 3. ಸಣ್ಣಗೆ ಹುಟ್ಟಿದವರಿಗೇ ಹೆಚ್ಚು ಕಾಯಿಲೆ!

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ‘ಪಾರ್ಥೆನಾನ್’ ಅಧ್ಯಯನ ಶುರುವಾಯಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಮೈಸೂರಿನ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳ ಅಳತೆಯ ಜೊತೆ ಹೋಲಿಸಿದರು. ನಮ್ಮ ಕೂಸುಗಳು ತೂಕದಲ್ಲಿ ಕಡಿಮೆ, ಉದ್ದದಲ್ಲಿ ಕಡಿಮೆ, ತೋಳಿನ ಸುತ್ತಳತೆಯಲ್ಲಿ ಕಡಿಮೆ. ಬೆನ್ನಿನ ಮೇಲೆ ಹೆಗಲೆಲುಬಿನ ಕೆಳಗೆ ಚಿವುಟಿ ಅಳೆಯುವ ಕೊಬ್ಬಿನ ಪದರದಲ್ಲಿ ಮಾತ್ರ ಆ ಪ್ರಮಾಣದ ಕೊರತೆ ಇಲ್ಲ. ನಾಲ್ಕು ವರ್ಷ ತುಂಬುವಷ್ಟರಲ್ಲಿ ಆ ಒಂದು ಅಳತೆಯಲ್ಲಿ ನಮ್ಮ ಮಕ್ಕಳು ಅವರನ್ನೂ ಮೀರಿಸಿದ್ದರು. ಕೈಕಾಲು ಕಡ್ಡಿ, ನಡುಭಾಗದಲ್ಲಿ ಕೊಬ್ಬು.

ದೊಡ್ಡವರಲ್ಲೂ ಇದೇ ಕತೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಮ್ಮ ಮತ್ತು ತಮ್ಮ ಇಂಗ್ಲಿಷ್ ಗೆಳೆಯ ಡಾ. ಜಾನ್ ಯಡ್ಕಿನ್ ಅವರ ಫೋಟೊವನ್ನು 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ 22.3. ಇಬ್ಬರೂ ನೋಡಲು ತೆಳ್ಳಗೆ. ಇಂಗ್ಲಿಷರವನ ಮೈಯಲ್ಲಿ ಕೊಬ್ಬು ಶೇ 9.1, ನಮ್ಮವರ ಮೈಯಲ್ಲಿ ಶೇ 21.2. ಚರ್ಮದಡಿಯ ಚೀಲಗಳು ತುಂಬಿದ ಮೇಲೂ ಮಾಲು ಬರುತ್ತಲೇ ಇದ್ದರೆ ಅದು ಅಟ್ಟದಿಂದ ಕೆಳಗೆ ಚೆಲ್ಲಿ ಯಕೃತ್ತು, ಮಾಂಸಖಂಡ, ಕರುಳಿನ ಸುತ್ತ ಸೇರುತ್ತದೆ. ಸಕ್ಕರೆ ಕಾಯಿಲೆಯ ದಾರಿ ಅದು. ನಮ್ಮವರಿಗೆ ಬಿಎಂಐ 23 ದಾಟಿದರೇ ಎಚ್ಚರ ಎಂದು, ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದೆಂದು ವೈದ್ಯರು ಹೇಳುವುದು ಇದಕ್ಕೇ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು, ದಿನಕ್ಕೆ ಹನ್ನೆರಡು ಗಂಟೆ ಲೈಬ್ರರಿಯಲ್ಲಿ ಕೂತು ಕೆಎಎಸ್‌ಗೆ, ಪಿಎಸ್‌ಐಗೆ ಓದುವ ಅಣ್ಣಂದಿರು ನೆನಪಾಗುತ್ತಾರೆ. ಬೆಳಿಗ್ಗೆ ಚಿತ್ರಾನ್ನ, ಆಮೇಲೆ ಆರು ಸಲ ಟೀ, ರಾತ್ರಿ ಹನ್ನೊಂದಕ್ಕೆ ಎಗ್‌ರೈಸ್. ಪ್ಯಾಂಟಿನ ಗುಂಡಿ ಬಿಗಿಯಾಗುತ್ತಿದೆ, ಕೈಕಾಲು ಇನ್ನೂ ಸಣ್ಣವೇ. ಇವರನ್ನು ಯಾರೂ ಗುಂಡ ಅನ್ನುವುದಿಲ್ಲ. ಅನ್ನಿಸಿಕೊಳ್ಳುವ ನಾನು ತಿಂಗಳ ಹಿಂದೆ ಪರೀಕ್ಷೆ ಮಾಡಿಸಿಕೊಂಡೆ, ಬಿಪಿ ಸರಿ ಇದೆ, ಸಕ್ಕರೆ ಸರಿ ಇದೆ.

ಹಾಗಾದರೆ ತೂಕ ಇಳಿಸುವ ಪ್ರಯತ್ನವೇ ದಂಡವೇ ಎಂದು ಕೇಳಬಹುದು. ಅಲ್ಲ. ಕುಗ್ಗಿದ ಕೋಶ ಉಬ್ಬಿದ ಕೋಶಕ್ಕಿಂತ ಎಷ್ಟೋ ಒಳ್ಳೆಯದು. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದು ನಿಂತರೂ ಬಿಪಿ, ಸಕ್ಕರೆಯಲ್ಲಿ ಫಲ ಕಾಣುತ್ತದೆ ಎಂದು ವೈದ್ಯರು ಒಪ್ಪುತ್ತಾರೆ. 78 ಇದ್ದ ಅಕ್ಕ 73ಕ್ಕೆ ಬಂದು ಅಲ್ಲೇ ನಿಂತಿದ್ದರೆ ಸಾಕಿತ್ತು. ಆದರೆ ಗಂಡಿನ ಕಡೆಯವರಿಗೆ 73 ಎಂಬುದು ಕಣ್ಣಿಗೆ ಕಾಣುವ ಅಂಕಿಯಲ್ಲ. ಅವರಿಗೆ ಬೇಕಾದದ್ದು ಫೋಟೊಗೆ ಒಪ್ಪುವ ಅಂಕಿ. ನಿಧಾನಕ್ಕೆ, ವರ್ಷಗಟ್ಟಲೆ, ಮುದ್ದೆ ಸೊಪ್ಪಿನಸಾರು ಬಿಡದೆ, ದಿನಾ ನಡೆದು ಉಳಿಸಿಕೊಳ್ಳುವ ಐದು ಕೆ.ಜಿ.ಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅಕ್ಕ ಈಗ ಅದನ್ನೇ ಮಾಡುತ್ತಿದ್ದಾಳೆ. ಸಂಜೆ ನಾದಿನಿಯನ್ನೂ ಎಳೆದುಕೊಂಡು ಕೆರೆ ಏರಿ ಮೇಲೆ ನಡೆಯುತ್ತಾಳೆ. ಹೋದ ತಿಂಗಳು ಎಷ್ಟಾಯಿತೆಂದು ಕೇಳಿದ್ದಕ್ಕೆ, ‘ತೂಕದ ಮಿಷನ್ ಮೇಲೆ ಹತ್ತಿಲ್ಲ, ಹೋಗೇ’ ಅಂದಳು.

ಇನ್ನು ಮಕ್ಕಳ ಚೀಲಗಳ ಎಣಿಕೆ ನಡೆಯುವುದು ಶಾಲೆ ಕಾಲೇಜಿನ ವರ್ಷಗಳಲ್ಲೇ ಆದರೆ ಮಾತಾಡಬೇಕಾದದ್ದು ಶಾಲೆ ಕಾಲೇಜಿನ ಜೊತೆಗೇ. ನಾನು ಪಿಯುಸಿ ಓದಿದ ಕಡೆ ಎರಡು ವರ್ಷದಲ್ಲಿ ಒಂದು ದಿನವೂ ಆಟದ ಪೀರಿಯಡ್ ಇರಲಿಲ್ಲ, ವೇಳಾಪಟ್ಟಿಯಲ್ಲಿ ಮಾತ್ರ ಇತ್ತು. ಈಗಿನ ಕಾಲೇಜಿನಲ್ಲಿ ಮೈದಾನ ಇದೆ, ಅರ್ಧ ಭಾಗ ಕಾರು ನಿಲ್ಲಿಸಲು ಹೋಗಿದೆ. ಇನ್ನರ್ಧದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಹುಡುಗಿಯರು ಸಂಜೆ ಐದೂವರೆಗೆ ಹಾಸ್ಟೆಲ್ಲಿನ ಗೇಟಿನೊಳಗೆ ಇರಬೇಕು. ಹಾಸ್ಟೆಲ್ಲಿನ ತಿಂಡಿಯಲ್ಲಿ ವಾರಕ್ಕೆ ಎರಡು ದಿನ ಪೂರಿ, ಒಂದು ದಿನ ಬ್ರೆಡ್ ಜಾಮ್. ರಾಗಿ ಬೆಳೆಯುವ ಜಿಲ್ಲೆಯಲ್ಲಿ ರಾಗಿ ಕಾಣುವುದು ಅಪರೂಪ. ಮೆಸ್ ಕಮಿಟಿಯಲ್ಲಿ ಕೇಳಿದರೆ ‘ಮುದ್ದೆ ಮಾಡಿದರೆ ಹುಡುಗಿಯರು ತಿನ್ನಲ್ಲಮ್ಮ’ ಎಂದರು. ನಮ್ಮ ಮಹಡಿಯ ಮೂವತ್ತೆರಡು ಜನ ತಿನ್ನುತ್ತೇವೆಂದು ಸಹಿ ಹಾಕಿ ಕೊಟ್ಟಿದ್ದೇವೆ. ಅದೇ ಅರ್ಜಿಯಲ್ಲಿ ಗೇಟಿನ ಸಮಯ ಏಳಕ್ಕೆ ಮಾಡಿ, ವಾರಕ್ಕೆ ಮೂರು ಸಂಜೆ ಮೈದಾನ ನಮಗೆ ಬಿಡಿ ಎಂದೂ ಕೇಳಿದ್ದೇವೆ. ಮುದ್ದೆ ಬುಧವಾರ ಬಂತು. ಮೈದಾನದ ವಿಷಯ ಮುಂದಿನ ಮೀಟಿಂಗಿಗೆ ಹೋಗಿದೆ.